ಗಣಿ ನೆಲದಡಿಯಲ್ಲಿ, ಚಿಂತೆ ನೆಲದ ಮೇಲೆ

ನಮ್ಮ ಅಕ್ಕನ ಮಗ ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯಲ್ಲಿದ್ದಾನೆ. ಕಲ್ಲಿದ್ದಲು ಲಾರಿ ಓಡಿಸಲು ಹೋದವ ಅಲ್ಲೇ ಮದುವೆಯಾಗಿ, 4 ಎಕರೆಯಲ್ಲಿ ಹತ್ತಿ, ತೊಗರಿ ಬೆಳೆದುಕೊಂಡಿದ್ದಾನೆ. ನಮ್ಮ ಕಲಬುರಗಿಯ ಹಾಗೇ ಕರಿಮಣ್ಣು, ಮಳೆ ನಂಬಿದ ಬೇಸಾಯ. ಮನೆಗೂ ದನಕ್ಕೂ ಒಂದೇ ಬಾವಿ.

2023ರ ಚಳಿಗಾಲದಲ್ಲಿ ಫೋನ್ ಮಾಡಿದ. "ಮಾಮಾ, ನಮ್ಮ ಹೊಲದ ಕೆಳಗ ಗಣಿ ಮಾಡ್ತಾರಂತ. ಭೂಮಿ ಹೋಗಂಗಿಲ್ಲಂತ, ಕೆಳಗಿಂದಷ್ಟೇ ತೆಗೀತಾರಂತ. ಹಂಗಾದ್ರ ನಂದೇನು ಹೋಗ್ತದ? ಸಭಾಕ್ಕ ಯಾಕ ಹೋಗ್ಬೇಕು?"

ಈ ಮಾತು ನಾನೂ ಆಡಿದವನೇ. ಹಿಂದೆ ನಮ್ಮೂರ ಪಕ್ಕ ಸುಣ್ಣಕಲ್ಲಿನ ಗಣಿಗೆ ಸಭೆ ಕರೆದಾಗ ತೊಗರಿ ಕೊಯ್ಲು ನಡೆದಿತ್ತು. 'ಅದು ಸಾಹೇಬರ ಕೆಲಸ' ಎಂದು ಹೊಲದಲ್ಲೇ ಉಳಿದೆ. ಆಮೇಲೆ ಕೇಳಲು ಹೋದರೆ, 'ಸಭೆಯಲ್ಲಿ ಯಾಕೆ ಹೇಳಲಿಲ್ಲ?' ಅಂದರು. ಅದಕ್ಕೇ ಈ ಸಲ ರೈಲು ಹತ್ತಿದೆ.

ಕೆಳಗೆ ತೆಗೆದರೆ ಮೇಲೆ ಏನಾಗುತ್ತದೆ?

ಒಳಗಣಿಯಲ್ಲಿ ಮೊದಲು ಸುರಂಗ ಕೊರೆದು, ಮೇಲಿನ ಭಾರ ಹೊರಲು ಕಲ್ಲಿದ್ದಲಿನದೇ ಕಂಬಗಳನ್ನು ಬಿಡುತ್ತಾರೆ. ಕಂಬ ಇರುವ ತನಕ ನೆಲ ಸಾಮಾನ್ಯವಾಗಿ ಗಟ್ಟಿ. ಕೊನೆಗೆ ಆ ಕಂಬಗಳನ್ನೂ ತೆಗೆದರೆ ಛಾವಣಿ ಕುಸಿದು, ಹೊಲವೂ ತಗ್ಗಬಹುದು. ಖಾಲಿಯಾದ ಜಾಗಕ್ಕೆ ಮರಳು ತುಂಬಿದರೆ ಕುಸಿತ ಬಹಳ ಕಡಿಮೆ.

ಕರಿಮಣ್ಣು ಬೇಸಿಗೆಯಲ್ಲಿ ಬಿರಿಯುವುದು ನಮಗೆ ಹೊಸದಲ್ಲ, ಮಳೆ ಬಿದ್ದರೆ ಮುಚ್ಚುತ್ತದೆ. ಕುಸಿತದ ಬಿರುಕು ಹಾಗಲ್ಲ. ಅದು ಆಳಕ್ಕೆ ಇಳಿದಿದ್ದರೆ ಮಳೆನೀರನ್ನೇ ಕುಡಿದುಬಿಡುತ್ತದೆ. ಹೊಲದ ಇಳಿಜಾರು ಬದಲಾಗಿ ಒಂದು ಕಡೆ ನೀರು ನಿಲ್ಲುತ್ತದೆ, ಬದು ಒಡೆಯುತ್ತದೆ. ಗಣಿಗೆ ಇಳಿಯುವ ನೀರನ್ನು ಹಗಲೂ ರಾತ್ರಿ ಎತ್ತಿ ಹೊರಹಾಕಬೇಕು. ಆಗ ಅಕ್ಕಪಕ್ಕದ ಬಾವಿಗಳ ನೀರು ಇಳಿಯಬಹುದು. ಭೂಮಿ ಕಾಗದದಲ್ಲಿ ನಮ್ಮದೇ ಇರುತ್ತದೆ, ಬೇಸಾಯ ಮಾತ್ರ ಕೈಬಿಡುತ್ತದೆ.

ವರದಿಯಲ್ಲಿ ಏನಿತ್ತು?

2006ರ ಸೆಪ್ಟೆಂಬರ್ 14ರ ಕೇಂದ್ರದ ಅಧಿಸೂಚನೆಯ ಪ್ರಕಾರ, ದೊಡ್ಡ ಗಣಿಗೆ ಪರವಾನಗಿ ಕೊಡುವ ಮುಂಚೆ ಪರಿಸರದ ಮೇಲಿನ ಪರಿಣಾಮದ ವರದಿ ಆಗಬೇಕು. ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಇರಬೇಕು. ಜಿಲ್ಲಾಧಿಕಾರಿ ಕಚೇರಿ, ಜಿಲ್ಲಾ ಪರಿಷತ್ತಿನಲ್ಲಿ ನೋಡಲು ಇಡಬೇಕು. ಜನ ಓದಿ ಹೇಳಲು ಕನಿಷ್ಠ 30 ದಿನ ಕೊಡಬೇಕು.

ಇಬ್ಬರೂ ಹೋಗಿ ಮರಾಠಿ ಸಾರಾಂಶ ಓದಿದೆವು. ಭೂಬಳಕೆಯ ಪಟ್ಟಿಯಲ್ಲಿ ಇವನ ಹೊಲದ ದಿಕ್ಕೆಲ್ಲ 'ಪಾಳು' ಎಂದಿತ್ತು! ಹುಡುಗನ ಮುಖ ಬಾಡಿತು. ಕಾರಣ ಹುಡುಕಿದರೆ ಬಹಳ ಸರಳ. ಇಂಥ ವರದಿಗೆ ಮಳೆಗಾಲ ಬಿಟ್ಟು ಒಂದು ಹಂಗಾಮಿನ ಅಳತೆ ಸಾಕು. ಇವರು ಬೇಸಿಗೆಯಲ್ಲಿ ಬಂದಿದ್ದರು. ಏಪ್ರಿಲ್‌ನಲ್ಲಿ ಒಣಬೇಸಾಯದ ಹೊಲ ನೋಡಿದರೆ ಯಾರಿಗಾದರೂ ಪಾಳೇ. ಬಾವಿಯ ನೀರನ್ನೂ ಒಂದೇ ಸಲ ಅಳೆದಿದ್ದರು. ಪಾಳು ಎಂದು ಬರೆದ ಭೂಮಿಗೆ ಬೆಳೆನಷ್ಟ ಯಾರು ಕೊಟ್ಟಾರು?

ಸಭೆಯಲ್ಲಿ

ಹಿಂದಿನ ವಾರ ನಾವು ಮಾಡಿದ್ದು ಇಷ್ಟು: ನಮ್ಮ ಪಹಣಿಯಂಥ ಅಲ್ಲಿನ ಸಾತ್-ಬಾರಾ ಉತಾರದಲ್ಲಿ ಬೆಳೆ ಕಾಲಂ ಇರುವ ಪ್ರತಿ, ಹತ್ತಿ ಮಾರಿದ ಚೀಟಿ, ಹಗ್ಗಕ್ಕೆ ಕಲ್ಲು ಕಟ್ಟಿ ಅಳೆದ ಬಾವಿ ನೀರಿನ ಮಟ್ಟ. ಅಕ್ಕಪಕ್ಕದ 11 ಬಾವಿಗಳನ್ನೂ ಅಳೆದು ಬರೆದೆವು.

ಸಭೆ ನಡೆಸುವವರು ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿ ದರ್ಜೆಗೆ ಕಡಿಮೆಯಿಲ್ಲದವರು. ವಿಡಿಯೋ ಆಗುತ್ತದೆ. ಹಿಂದಿನವರು ಕೂಗಾಡಿ ಕೂತರು. ನಮ್ಮ ಹುಡುಗ ಮೂರೇ ಮಾತು ಕೇಳಿದ: ಪಾಳು ಎಂಬುದನ್ನು ತಿದ್ದಿ. ಬಾವಿಗಳನ್ನು ಮಳೆಗಾಲದ ಮುಂಚೆ ಒಮ್ಮೆ, ಆಮೇಲೆ ಒಮ್ಮೆ ಅಳೆಯಿರಿ. ಕಂಬ ತೆಗೆಯುವಾಗ ಮರಳು ತುಂಬುತ್ತೀರಾ, ಇಲ್ಲವಾ, ಬರೆದುಕೊಡಿ.

ಕೊನೆಗೆ ನಡಾವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು. ಅರ್ಧ ಜನ ಊಟಕ್ಕೆ ಎದ್ದಿದ್ದರು, ನಾವು ಕೂತೆವು. ಬಾವಿಯ ಮಾತೇ ಬಿಟ್ಟುಹೋಗಿತ್ತು! ಎದ್ದು ಹೇಳಿದ ಮೇಲೆ ಸೇರಿಸಿದರು.

ಅಂತಿಮ ವರದಿಯಲ್ಲಿ 'ಪಾಳು' ಹೋಗಿ 'ಒಂದು ಬೆಳೆಯ ಭೂಮಿ' ಎಂದಾಗಿದೆ. 12 ಬಾವಿಗಳೂ ಅಳತೆಯ ಪಟ್ಟಿಗೆ ಸೇರಿವೆ. ಮರಳಿನ ಬಗ್ಗೆ ಮಾತ್ರ 'ಅಗತ್ಯವಿದ್ದಲ್ಲಿ' ಎಂದಿದೆ. ಅಗತ್ಯ ಯಾರು ನಿರ್ಧರಿಸುವವರು? ಆ ಜಗಳ ಇನ್ನೂ ಇದೆ.

ನಮಗೇನು ಪಾಠ?

ನಮ್ಮ ರಾಜ್ಯದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಆದರೆ ರಾಯಚೂರಿನ ಶಕ್ತಿನಗರದಲ್ಲಿ ಕರೆಂಟು ಮಾಡಲು ಆ ಸೀಮೆಯ ಕಲ್ಲಿದ್ದಲೂ ಬಂದಿದೆ. ಸೇಡಂ, ಚಿತ್ತಾಪುರದ ಸುಣ್ಣಕಲ್ಲಿನ ದೊಡ್ಡ ಗಣಿಗೂ ಇದೇ ಅಧಿಸೂಚನೆ. ಪರವಾನಗಿಯಿಂದ ಅನ್ಯಾಯವಾಯಿತು ಅನಿಸಿದರೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ತಕ್ಕ ಕಾರಣ ಕೊಟ್ಟರೆ ಇನ್ನೂ 60 ದಿನದ ತನಕ ಅವಕಾಶವುಂಟು. ನಮಗೆ ಚೆನ್ನೈ, ಅವರಿಗೆ ಪುಣೆ.

ಆ ತನಕ ಕಾಯುವುದು ಬೇಡ. ಪಹಣಿಯ ಬೆಳೆ ಕಾಲಂ ಸರಿಯಿದೆಯಾ, ಇವತ್ತೇ ನೋಡಿಕೊಳ್ಳಿ. ವರ್ಷಕ್ಕೆರಡು ಸಲ ಬಾವಿಗೆ ಹಗ್ಗ ಇಳಿಸಿ ತಾರೀಖು ಸಮೇತ ಬರೆದಿಡಿ. ನಾನು ಈಗ ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದೇನೆ. ಖರ್ಚು ಒಂದು ಪೆನ್ಸಿಲ್ ಮಾತ್ರ.