ಅಂಗಳ ತೊಳೆಯುವ ಯಂತ್ರ: ಪೆಟ್ರೋಲ್ ಪ್ರೆಷರ್ ವಾಷರ್‌ನ ಬಳಕೆ ಮತ್ತು ನಿರ್ವಹಣೆ

ಮಳೆಗಾಲ ಮುಗಿದೊಡನೆ ಕರಾವಳಿ ಮತ್ತು ಮಲೆನಾಡಿನ ಮನೆಗಳಲ್ಲಿ ಒಂದು ಕೆಲಸ ಕಾದಿರುತ್ತದೆ. ನಾಲ್ಕು ತಿಂಗಳು ನೆನೆದ ಸಿಮೆಂಟಿನ ಅಂಗಳ, ಬಾವಿಕಟ್ಟೆ, ಮೆಟ್ಟಿಲುಗಳ ಮೇಲೆ ಪಾಚಿ, ಹಾವಸೆ ಬೆಳೆದು ಕಾಲಿಟ್ಟರೆ ಜಾರುವಂತಾಗಿರುತ್ತದೆ. ಅಡಿಕೆ ಕೊಯ್ಲಿಗೆ ಮೊದಲು ಅಂಗಳ ಸಿದ್ಧವಾಗಬೇಕು. ಬ್ಲೀಚಿಂಗ್ ಪುಡಿ ಎರಚಿ, ಹಿಡಿಸೂಡಿಯಿಂದ ತಿಕ್ಕಿ ಎರಡು ಮೂರು ದಿನ ಮಾಡುತ್ತಿದ್ದ ಈ ಕೆಲಸವನ್ನು ಪ್ರೆಷರ್ ವಾಷರ್ ಅರ್ಧ ದಿನದಲ್ಲಿ ಮುಗಿಸುತ್ತದೆ. ಕಾರು, ಸ್ಕೂಟರ್ ತೊಳೆಯಲು ವಿದ್ಯುತ್ತಿನ ಚಿಕ್ಕ ಯಂತ್ರ ಸಾಕು. ದೊಡ್ಡ ಅಂಗಳ, ಪ್ಲಗ್ಗಿನಿಂದ ದೂರದ ಜಾಗ, ವೋಲ್ಟೇಜ್ ಏರುಪೇರಾಗುವ ಊರು ಎಂದಾದರೆ ಪೆಟ್ರೋಲ್ ಎಂಜಿನ್ ಇರುವ ಯಂತ್ರ ಅನುಕೂಲ.

ಈ ಯಂತ್ರಕ್ಕೆ ಒಂದು ವಿಶೇಷ ಗುಣವಿದೆ. ಇದು ಕೆಲಸ ಮಾಡುವಾಗ ಕೆಡುವುದಕ್ಕಿಂತ ಸುಮ್ಮನಿರುವಾಗ ಕೆಡುವುದೇ ಹೆಚ್ಚು. ಎಂಜಿನ್ ನಿಂತು ಸದ್ದಡಗಿದ ಮೇಲೂ ಇದರಲ್ಲಿ ಅಪಾಯ ಉಳಿದಿರುತ್ತದೆ. ಇದು ಅರ್ಥವಾಗಬೇಕಾದರೆ ನೀರಿಗೆ ಬಲ ಬರುವ ಬಗೆಯನ್ನು ತಿಳಿಯಬೇಕು.

ನೀರಿಗೆ ಬಲ ಬರುವುದು ಹೇಗೆ?

ನಲ್ಲಿಗಿಂತ 5 ಮೀಟರ್ ಎತ್ತರದ ತಾರಸಿಯಲ್ಲಿರುವ ಟ್ಯಾಂಕು ನಲ್ಲಿಯಲ್ಲಿ ಸುಮಾರು ಅರ್ಧ ಬಾರ್ ಒತ್ತಡ ಉಂಟುಮಾಡುತ್ತದೆ. ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾಯುಮಂಡಲದ ಒತ್ತಡ. ಮನೆಬಳಕೆಯ ಪೆಟ್ರೋಲ್ ವಾಷರ್ 150 ಬಾರ್‌ನ ಆಸುಪಾಸಿನಲ್ಲಿ ಕೆಲಸ ಮಾಡುತ್ತದೆ, ಅಂದರೆ ನಲ್ಲಿಯ 300 ಪಟ್ಟು. ಇಷ್ಟು ಒತ್ತಡ ಟ್ಯಾಂಕಿನಿಂದಲೇ ಬರಬೇಕಾದರೆ ಅದನ್ನು ಸುಮಾರು 1500 ಮೀಟರ್ ಎತ್ತರದಲ್ಲಿ ಇಡಬೇಕಾಗುತ್ತಿತ್ತು. ಆಗುಂಬೆ ಸಮುದ್ರಮಟ್ಟದಿಂದ ಇರುವ ಎತ್ತರದ ಎರಡು ಪಟ್ಟಿಗೂ ಇದು ಹೆಚ್ಚು.

ಎಂಜಿನ್ನಿಗೆ ಜೋಡಿಸಿದ ಪಂಪಿನಲ್ಲಿ ಸಾಮಾನ್ಯವಾಗಿ ಮೂರು ಪಿಸ್ಟನ್‌ಗಳಿರುತ್ತವೆ. ಪಿಸ್ಟನ್ ಹಿಂದೆ ಸರಿದಾಗ ಒಂದು ಕವಾಟ ತೆರೆದು ನೀರು ಒಳಬರುತ್ತದೆ. ಮುಂದೆ ಸರಿದಾಗ ಅದು ಮುಚ್ಚಿ, ಇನ್ನೊಂದು ಕವಾಟದ ಮೂಲಕ ನೀರು ಹೊರತಳ್ಳಲ್ಪಡುತ್ತದೆ. ಪಂಪು ನಿಮಿಷಕ್ಕೆ ಇಷ್ಟು ನೀರು ಎಂದು ತಳ್ಳುತ್ತದೆ, ಅಷ್ಟೆ. ಆ ನೀರೆಲ್ಲ ಒಂದು ಮಿಲಿಮೀಟರಿನಷ್ಟು ಸಣ್ಣ ರಂಧ್ರದ ಮೂತಿಯಲ್ಲಿ ನುಸುಳಬೇಕಾದಾಗ ಒತ್ತಡ ಹುಟ್ಟುತ್ತದೆ. ನಿಮಿಷಕ್ಕೆ 10 ಲೀಟರ್ ನೀರು 150 ಬಾರ್ ಒತ್ತಡದಲ್ಲಿ ಮೂತಿಯಿಂದ ಹೊರಬರುವಾಗ ಅದರ ವೇಗ ಸೆಕೆಂಡಿಗೆ ಸುಮಾರು 170 ಮೀಟರ್, ಎಂದರೆ ಗಂಟೆಗೆ 600 ಕಿಲೋಮೀಟರ್! ಹಾವಸೆಯನ್ನು ಕಿತ್ತೆಸೆಯುವುದು ಈ ವೇಗ.

ಇದರಿಂದ ಇನ್ನೊಂದು ಸಂಗತಿ ಹೊರಡುತ್ತದೆ. ನೀರಿನಲ್ಲಿ ಮರಳಿನ ಕಣವಿದ್ದರೆ ಮೂತಿ ಸವೆಯುತ್ತದೆ. ರಂಧ್ರದ ವ್ಯಾಸ ಶೇಕಡಾ 10ರಷ್ಟು ಹಿಗ್ಗಿದರೆ ಒತ್ತಡ ಸುಮಾರು ಮೂರನೇ ಒಂದು ಭಾಗ ಇಳಿಯುತ್ತದೆ. ಯಂತ್ರದ ಬಲ ಕುಗ್ಗಿತೆಂದು ಪಂಪನ್ನು ಬಿಚ್ಚಿಸುವ ಮುನ್ನ ಹೊಸ ಮೂತಿ ಹಾಕಿ ನೋಡುವುದು ಜಾಣತನ.

ನೀರು ಸಾಲದಿದ್ದರೆ

ಪಂಪು ಬೇಡುವಷ್ಟು ನೀರು ಒಳಗೆ ಬರದಿದ್ದರೆ ಪಿಸ್ಟನ್ ಹಿಂದೆ ಸರಿದಾಗ ಅಲ್ಲಿ ಒತ್ತಡ ತೀರ ಕಡಿಮೆಯಾಗಿ ನೀರಿನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ಪಿಸ್ಟನ್ ಮುಂದೆ ಬಂದೊಡನೆ ಅವು ಒಮ್ಮೆಗೇ ಕುಸಿಯುತ್ತವೆ. ಹೀಗೆ ಕುಸಿಯುವ ಒಂದೊಂದು ಗುಳ್ಳೆಯೂ ಲೋಹಕ್ಕೆ ಕೊಡುವ ಸಣ್ಣ ಸುತ್ತಿಗೆ ಪೆಟ್ಟು. ಇದನ್ನು ಕ್ಯಾವಿಟೇಶನ್ ಎನ್ನುತ್ತಾರೆ. ಪಂಪಿನೊಳಗೆ ಜಲ್ಲಿಕಲ್ಲು ಉರುಳಿದಂತೆ ಸದ್ದು, ಕೈಯಲ್ಲಿನ ಕೋಲಿನ ನಡುಕ ಇದರ ಲಕ್ಷಣ. ಕೆಲವೇ ಗಂಟೆಗಳಲ್ಲಿ ಸೀಲುಗಳು ಹರಿಯಬಹುದು.

ಪರೀಕ್ಷೆ ಸುಲಭ. ನಲ್ಲಿಗೆ ಪೈಪ್ ಸಿಕ್ಕಿಸಿ 15 ಲೀಟರಿನ ಬಕೆಟ್ ಒಂದು ನಿಮಿಷದಲ್ಲಿ ತುಂಬುವುದೇ ಎಂದು ನೋಡಿ. ನಿಮಿಷಕ್ಕೆ 10 ಲೀಟರ್ ಬೇಡುವ ಯಂತ್ರಕ್ಕೆ ಅಷ್ಟು ಪೂರೈಕೆ ಇದ್ದರೆ ಚಿಂತೆಯಿಲ್ಲ. ತುಂಬದಿದ್ದರೆ ಮುಕ್ಕಾಲು ಅಂಗುಲದ ಗಿಡ್ಡ ಪೈಪ್ ಬಳಸಬೇಕು, ಅಥವಾ ಯಂತ್ರಕ್ಕಿಂತ ಎತ್ತರದಲ್ಲಿ ತುಂಬಿದ ಡ್ರಮ್ ಇಟ್ಟುಕೊಳ್ಳಬೇಕು. ಬಾವಿನೀರಿನಲ್ಲಿ ಮಳೆಗಾಲದ ಕೊನೆಗೆ ಕೆಸರು ಇರುತ್ತದೆ. ಪಂಪಿನ ಬಾಯಲ್ಲಿರುವ ಜರಡಿಯನ್ನು ಪ್ರತಿ ಸಲವೂ ತೆಗೆದು ತೊಳೆಯಬೇಕು. ಗಂಟೆಗೆ 600 ಲೀಟರ್ ನೀರು ಬೇಕಾಗುವುದರಿಂದ ಬಾವಿ ಬತ್ತುವ ಬೇಸಿಗೆಗಿಂತ ಮಳೆ ಮುಗಿದ ತಿಂಗಳುಗಳೇ ಈ ಕೆಲಸಕ್ಕೆ ತಕ್ಕ ಕಾಲ.

ಚಾಲೂ ಮಾಡುವ ಕ್ರಮ

ಯಂತ್ರವನ್ನು ಸಮತಟ್ಟು ನೆಲದಲ್ಲಿ ಇರಿಸಿ ಎಂಜಿನ್ ಆಯಿಲ್ ಮಟ್ಟ ನೋಡಬೇಕು. ಪೆಟ್ರೋಲನ್ನು ಎಂಜಿನ್ ತಣ್ಣಗಿದ್ದಾಗ ಮಾತ್ರ ತುಂಬಬೇಕು. ನೀರಿನ ಪೈಪ್ ಜೋಡಿಸಿ, ನಲ್ಲಿ ಪೂರ್ತಿ ತೆರೆದು, ಎಂಜಿನ್ ಚಾಲೂ ಮಾಡುವ ಮೊದಲೇ ಗನ್ನಿನ ಟ್ರಿಗರ್ ಒತ್ತಿ ಹಿಡಿಯಬೇಕು. ಮೊದಲು ಬುಸುಗುಡುತ್ತ ಗಾಳಿ, ಆಮೇಲೆ ಏಕಧಾರೆಯಾಗಿ ನೀರು ಬರುತ್ತದೆ. ಪಂಪಿನಲ್ಲಿ ಗಾಳಿ ಉಳಿಯಲಿಲ್ಲ ಎನ್ನುವುದಕ್ಕೆ ಇದೇ ಗುರುತು. ಆಮೇಲೆ ಮೂತಿ ಸಿಕ್ಕಿಸಿ, ಚೋಕ್ ಎಳೆದು, ಸ್ಟಾರ್ಟರ್ ಹಗ್ಗ ಎಳೆಯಬೇಕು. ಹಗ್ಗ ಬಿಗಿಯಾಗಿ ಕೈಯನ್ನೇ ಹಿಂದಕ್ಕೆ ಎಳೆದರೆ ಪಂಪಿನಲ್ಲಿ ಒತ್ತಡ ಸಿಕ್ಕಿಕೊಂಡಿದೆ ಎಂದರ್ಥ. ಟ್ರಿಗರ್ ಒತ್ತಿ ಅದನ್ನು ಬಿಡುಗಡೆ ಮಾಡಿ ಮತ್ತೆ ಎಳೆದರೆ ಸಲೀಸಾಗಿ ಬರುತ್ತದೆ.

ಟ್ರಿಗರ್ ಬಿಟ್ಟಾಗ ಏನಾಗುತ್ತದೆ?

ಟ್ರಿಗರ್ ಬಿಟ್ಟರೆ ನೀರಿನ ದಾರಿ ಮುಚ್ಚುತ್ತದೆ. ಆದರೆ ಎಂಜಿನ್ ಓಡುತ್ತಲೇ ಇರುತ್ತದೆ, ಪಂಪು ತಳ್ಳುತ್ತಲೇ ಇರುತ್ತದೆ. ಆಗ ಅನ್‌ಲೋಡರ್ ಎಂಬ ಕವಾಟ ತೆರೆದು ನೀರನ್ನು ಪಂಪಿನ ಬಾಯಿಗೇ ಹಿಂದಿರುಗಿಸುತ್ತದೆ. ಅದೇ ನೀರು ಸುತ್ತಿ ಸುತ್ತಿ ಬಿಸಿಯಾಗುತ್ತದೆ. ಅನೇಕ ಪಂಪುಗಳಲ್ಲಿ ಸುಮಾರು 60 ಡಿಗ್ರಿ ಸೆಲ್ಸಿಯಸ್‌ನಲ್ಲಿ ತೆರೆದು ಬಿಸಿನೀರನ್ನು ಹೊರಚೆಲ್ಲುವ ರಕ್ಷಣಾ ಕವಾಟವಿದೆ. ಅದನ್ನೇ ನಂಬಿ ಕೂರಬಾರದು. ಅಂಗಳದಲ್ಲಿ ಕುರ್ಚಿ ಸರಿಸಲು, ಫೋನಿನಲ್ಲಿ ಮಾತಾಡಲು ಎರಡು ನಿಮಿಷಕ್ಕಿಂತ ಹೆಚ್ಚು ಹೊತ್ತು ಬೇಕಾದರೆ ಎಂಜಿನ್ ನಿಲ್ಲಿಸುವುದೇ ಸರಿ. ಪಂಪಿನ ಸೀಲು ಸುಡುವುದು ಇಂಥ ಬಿಡುವಿನಲ್ಲೇ.

ಯಾವ ಮೂತಿ, ಎಷ್ಟು ದೂರ?

ಮೂತಿಗಳಿಗೆ ಬಣ್ಣದ ಗುರುತಿದೆ. ಕೆಂಪು 0 ಡಿಗ್ರಿಯ ನೇರ ಧಾರೆ, ಹಳದಿ 15, ಹಸಿರು 25, ಬಿಳಿ 40 ಡಿಗ್ರಿಯ ಬೀಸಣಿಗೆ. ಕಪ್ಪು ಸಾಬೂನು ನೀರಿಗೆ. ಸಿಮೆಂಟ್ ಅಂಗಳದ ಪಾಚಿಗೆ ಹಸಿರು ಸಾಕು. ಮೊಂಡು ಕಲೆಗೆ ಹಳದಿ. ವಾಹನಕ್ಕೆ ಬಿಳಿ. ಕೆಂಪು ಮೂತಿಯನ್ನು ಮನೆಯ ಕೆಲಸಕ್ಕೆ ಬಳಸದಿರುವುದೇ ಒಳ್ಳೆಯದು.

ಹಸಿರು ಮೂತಿಯ ಬೀಸಣಿಗೆ 15 ಸೆಂಟಿಮೀಟರ್ ದೂರದಲ್ಲಿ ಸುಮಾರು 7 ಸೆಂಟಿಮೀಟರ್ ಅಗಲ, 30 ಸೆಂಟಿಮೀಟರ್ ದೂರದಲ್ಲಿ 13 ಸೆಂಟಿಮೀಟರ್ ಅಗಲ. ದೂರ ಹೆಚ್ಚಿದಂತೆ ಅದೇ ಬಲ ಹೆಚ್ಚು ಜಾಗಕ್ಕೆ ಹಂಚಿಹೋಗುತ್ತದೆ. ಆದ್ದರಿಂದ ದೂರದಿಂದ ಆರಂಭಿಸಿ, ಕೊಳೆ ಏಳುವವರೆಗೆ ಮೆಲ್ಲಗೆ ಹತ್ತಿರ ತರಬೇಕು. ಮುರಕಲ್ಲಿನ ಗೋಡೆ, ಸುಣ್ಣ ಹಚ್ಚಿದ ಗೋಡೆ, ಹಳೆಯ ಮರ, ಟಯರಿನ ಬದಿ ಇವುಗಳಿಗೆ ಹತ್ತಿರದ ಧಾರೆ ಸಲ್ಲದು. ಮಂಗಳೂರು ಹೆಂಚಿನ ಮಾಡಿಗೆ ಕೆಳಗಿನಿಂದ ನೀರು ಹೊಡೆದರೆ ಅದು ಹೆಂಚಿನ ಸಂದಿನಲ್ಲಿ ನುಗ್ಗಿ ಪಕಾಸಿಗೆ ಇಳಿಯುತ್ತದೆ. ಧಾರೆ ಮುಂದಕ್ಕೆ ಚಿಮ್ಮುವಾಗ ಗನ್ ಸುಮಾರು 3 ಕಿಲೋಗ್ರಾಂ ತೂಕದಷ್ಟು ಬಲದಿಂದ ಕೈಯನ್ನು ಹಿಂದಕ್ಕೆ ತಳ್ಳುತ್ತದೆ. ನೆಲದ ಮೇಲೆ ಇದು ದೊಡ್ಡದಲ್ಲ, ಏಣಿಯ ಮೇಲೆ ನಿಂತವರನ್ನು ಬೀಳಿಸಲು ಸಾಕು. ಏಣಿಯೇರಿ ಈ ಯಂತ್ರ ಬಳಸಲೇಬಾರದು. ಸ್ವಿಚ್ ಬೋರ್ಡು, ಮೀಟರ್ ಪೆಟ್ಟಿಗೆಗಳ ಕಡೆಗೂ ಧಾರೆ ತಿರುಗಿಸಬಾರದು.

ಕಾಣದ ಎರಡು ಅಪಾಯಗಳು

ಮೊದಲನೆಯದು ಚರ್ಮದೊಳಗೆ ಹೊಗುವ ನೀರು. ಸುಮಾರು 7 ಬಾರ್ ಒತ್ತಡದ ಸಣ್ಣ ಧಾರೆಯೂ ಚರ್ಮವನ್ನು ಭೇದಿಸಬಲ್ಲದು. ಇಲ್ಲಿರುವುದು ಅದರ 20 ಪಟ್ಟು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಾಣುತ್ತದೆ, ಹೆಚ್ಚು ನೋವೂ ಇಲ್ಲದಿರಬಹುದು. ಒಳಗೆ ಮಾತ್ರ ನೀರು, ಕೊಳೆ, ರೋಗಾಣುಗಳು ಸ್ನಾಯುಗಳ ನಡುವೆ ದೂರದವರೆಗೆ ಹರಡಿರುತ್ತವೆ. ತಡವಾದರೆ ಬೆರಳನ್ನೇ ಕಳೆದುಕೊಳ್ಳಬೇಕಾದೀತು. ಅರಿಸಿನ ಹಚ್ಚಿ ಕಾಯದೆ ಕೂಡಲೇ ಆಸ್ಪತ್ರೆಗೆ ಹೋಗಿ, ಹೆಚ್ಚು ಒತ್ತಡದ ನೀರು ಒಳಹೊಕ್ಕಿದೆ ಎಂದು ವೈದ್ಯರಿಗೆ ಸ್ಪಷ್ಟವಾಗಿ ಹೇಳಬೇಕು. ಕಾಲಿಗೆ ಮುಚ್ಚಿದ ಬೂಟು, ಕಣ್ಣಿಗೆ ಕನ್ನಡಕ, ಕಿವಿಗೆ ರಕ್ಷಣೆ ಬೇಕೇ ಬೇಕು. ಮಕ್ಕಳು, ನಾಯಿ, ಬೆಕ್ಕು ದೂರವಿರಲಿ. ಚಪ್ಪಲಿಯ ಕೊಳೆ ತೆಗೆಯಲು ಕಾಲಿಗೇ ಧಾರೆ ಹಿಡಿಯುವ ಅಭ್ಯಾಸ ಬಹಳ ಅಪಾಯಕರ.

ಎರಡನೆಯದು ಎಂಜಿನ್ನಿನ ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್. ಬಣ್ಣವೂ ವಾಸನೆಯೂ ಇಲ್ಲದ ಈ ಅನಿಲ ರಕ್ತದ ಹಿಮೊಗ್ಲೊಬಿನ್‌ಗೆ ಆಕ್ಸಿಜನ್‌ಗಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆ ಮತ್ತು ಆರೋಗ್ಯ ಸಂಸ್ಥೆಯು ಇತರ ಸರಕಾರಿ ಸಂಸ್ಥೆಗಳೊಡನೆ 1996ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಒಬ್ಬ ರೈತನ ಪ್ರಕರಣವಿದೆ. ಆತ 11 ಅಶ್ವಶಕ್ತಿಯ ಪೆಟ್ರೋಲ್ ಪ್ರೆಷರ್ ವಾಷರ್‌ನಿಂದ ತನ್ನ ಕೊಟ್ಟಿಗೆ ತೊಳೆಯುತ್ತಿದ್ದ. ಸುಮಾರು ಅರ್ಧ ಗಂಟೆಯಲ್ಲಿ ಕುಸಿದು ಬಿದ್ದ, ಬದುಕಲಿಲ್ಲ. ಕಿಟಕಿ ಬಾಗಿಲು ತೆರೆದಿದ್ದರೂ, ಫ್ಯಾನ್ ಹಾಕಿದ್ದರೂ ಸಾಲದು ಎಂದು ಆ ಎಚ್ಚರಿಕೆ ಹೇಳುತ್ತದೆ. ನಮ್ಮ ದನದ ಕೊಟ್ಟಿಗೆ, ಕಾರಿನ ಶೆಡ್ಡು, ನೆಲಮಾಳಿಗೆಗಳಿಗೂ ಇದೇ ಮಾತು. ಯಂತ್ರ ಬಯಲಿನಲ್ಲಿ, ಬಾಗಿಲು ಕಿಟಕಿಗಳಿಂದ ದೂರ ಇರಲಿ. ಉದ್ದದ ಒತ್ತಡದ ಪೈಪ್ ಮಾತ್ರ ಒಳಗೆ ಹೋಗಲಿ. ತಲೆನೋವು, ತಲೆಸುತ್ತು, ವಾಕರಿಕೆ ಬಂದರೆ ದಣಿವೆಂದು ತಿಳಿಯದೆ ತಕ್ಷಣ ತೆರೆದ ಗಾಳಿಗೆ ಬರಬೇಕು.

ನಿಲ್ಲಿಸುವ ಕ್ರಮ

ಮೊದಲು ಎಂಜಿನ್, ಆಮೇಲೆ ನಲ್ಲಿ, ಕೊನೆಗೆ ಟ್ರಿಗರ್. ಎಂಜಿನ್ ನಿಂತರೂ ಪಂಪು ಮತ್ತು ಗನ್ನಿನ ನಡುವಣ ಪೈಪಿನಲ್ಲಿ ಒತ್ತಡ ಹಾಗೆಯೇ ಉಳಿದಿರುತ್ತದೆ. ಸದ್ದಿಲ್ಲವೆಂದು ಮೂತಿ ಬದಲಿಸಲು ಹೋದರೆ ಅದು ಸಿಡಿದು ಬರಬಹುದು. ಆದ್ದರಿಂದ ನಲ್ಲಿ ಮುಚ್ಚಿದ ಮೇಲೆ ನೀರು ಪೂರ್ತಿ ನಿಲ್ಲುವವರೆಗೆ ಟ್ರಿಗರ್ ಒತ್ತಿ, ಅನಂತರ ಅದರ ಬೀಗ ಹಾಕಬೇಕು. ಮೂತಿ ಬದಲಿಸುವಾಗಲೆಲ್ಲ ಇದೇ ಕ್ರಮ. ಪೈಪ್ ಸೋರುತ್ತಿದೆಯೇ ಎಂದು ಎಂದಿಗೂ ಬೆರಳಿನಿಂದ ಮುಟ್ಟಿ ನೋಡಬಾರದು.

ಮುಂದಿನ ವರ್ಷದವರೆಗೆ

ಅಂಗಳ ತೊಳೆದ ಮೇಲೆ ಯಂತ್ರ ಹಲವು ತಿಂಗಳು ಮೂಲೆಯಲ್ಲಿರುತ್ತದೆ. ಅದರ ಆಯುಷ್ಯ ನಿರ್ಧಾರವಾಗುವುದು ಈ ತಿಂಗಳುಗಳಲ್ಲಿ. ಪೆಟ್ರೋಲಿನ ಹಗುರ ಅಂಶಗಳು ಆವಿಯಾಗಿ, ಉಳಿದದ್ದು ಕಾರ್ಬ್ಯುರೇಟರಿನ ಸೂಕ್ಷ್ಮ ರಂಧ್ರಗಳಲ್ಲಿ ಅಂಟಾಗುತ್ತದೆ. ಈಗ ನಮ್ಮ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇದೆ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರಿನ ಅಂಶ ಮಿತಿ ಮೀರಿದರೆ ನೀರು ಬೆರೆತ ಎಥನಾಲ್ ಪೆಟ್ರೋಲಿನಿಂದ ಬೇರ್ಪಟ್ಟು ತಳದಲ್ಲಿ ನಿಂತು ಲೋಹವನ್ನು ತಿನ್ನುತ್ತದೆ. ಹಳೆಯ ಎಂಜಿನ್ನುಗಳಲ್ಲಿ ಹಲವು ಶೇಕಡಾ 10ರ ಮಿಶ್ರಣಕ್ಕೆ ಮಾತ್ರ ತಯಾರಾದವು. ಅವುಗಳ ರಬ್ಬರ್ ನಳಿಕೆಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಬೇಕು. ಒಂದು ತಿಂಗಳಿಗಿಂತ ಹೆಚ್ಚು ಕಾಲ ಬಳಸುವುದಿಲ್ಲವಾದರೆ ಟ್ಯಾಂಕನ್ನೂ ಕಾರ್ಬ್ಯುರೇಟರಿನ ಬಟ್ಟಲನ್ನೂ ಬರಿದು ಮಾಡಬೇಕು.

ಎಂಜಿನ್ ಆಯಿಲನ್ನು ಹೊಸ ಯಂತ್ರದಲ್ಲಿ ಮೊದಲ 20 ಗಂಟೆಗೆ, ಆಮೇಲೆ 100 ಗಂಟೆ ಅಥವಾ ಆರು ತಿಂಗಳಿಗೊಮ್ಮೆ ಬದಲಿಸುವುದು ಸಾಮಾನ್ಯ ರೂಢಿ. ಗಾಳಿಯ ಫಿಲ್ಟರನ್ನು 50 ಗಂಟೆಗೊಮ್ಮೆ ಶುಚಿಮಾಡಬೇಕು. ಪಂಪಿನ ಆಯಿಲ್ ಬೇರೆಯೇ ಇರುತ್ತದೆ. ಅದು ಹಾಲಿನಂತೆ ಬೆಳ್ಳಗಾಗಿದ್ದರೆ ನೀರು ಸೇರಿದೆ, ಸೀಲು ಹೋಗಿದೆ ಎಂದು ತಿಳಿಯಬೇಕು. ಯಂತ್ರದ ಕೈಪಿಡಿಯ ಲೆಕ್ಕ ಬೇರೆಯಿದ್ದರೆ ಅದನ್ನೇ ಅನುಸರಿಸಬೇಕು.

ಎತ್ತಿಡುವ ಮುನ್ನ ಪೈಪುಗಳನ್ನು ಬಿಚ್ಚಿ, ಸ್ವಿಚ್ ಆರಿಸಿ, ಸ್ಟಾರ್ಟರ್ ಹಗ್ಗವನ್ನು ನಾಲ್ಕೈದು ಬಾರಿ ಎಳೆದರೆ ಪಂಪಿನಲ್ಲಿ ಉಳಿದ ನೀರು ಹೊರಬರುತ್ತದೆ. ಹಿಮ ಬೀಳುವ ದೇಶಗಳಲ್ಲಿ ಈ ನೀರು ಹೆಪ್ಪುಗಟ್ಟಿ ಪಂಪನ್ನೇ ಸೀಳುತ್ತದೆ. ನಮ್ಮಲ್ಲಿ ಆ ಭಯವಿಲ್ಲ. ಆದರೆ ನಿಂತ ನೀರು ತುಕ್ಕು ಹಿಡಿಸುತ್ತದೆ, ಕೊಳವೆಬಾವಿಯ ಗಡಸು ನೀರು ಕವಾಟಗಳಲ್ಲಿ ಸುಣ್ಣದ ಪದರ ಬಿಡುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ ಒಂದು ಚಮಚ ಎಂಜಿನ್ ಆಯಿಲ್ ಸುರಿದು, ಹಗ್ಗ ಮೆಲ್ಲಗೆ ಎಳೆದು, ಪ್ಲಗ್ ಮತ್ತೆ ಹಾಕಿದರೆ ಸಿಲಿಂಡರಿಗೂ ರಕ್ಷಣೆ ಸಿಗುತ್ತದೆ. ಇಷ್ಟಕ್ಕೆಲ್ಲ ಅರ್ಧ ಗಂಟೆ ಸಾಕು. ಇದನ್ನು ಮಾಡಿಟ್ಟ ಯಂತ್ರ ಮುಂದಿನ ಮಳೆಗಾಲ ಕಳೆದ ಮೇಲೂ ಹೆಚ್ಚು ತಕರಾರಿಲ್ಲದೆ ಚಾಲೂ ಆಗುತ್ತದೆ.