ಕ್ರ್ಯಾಂಕ್ ಪುಲ್ಲಿ ಏಕೆ ಕೂರುವುದಿಲ್ಲ?

ಚಕ್ಕಡಿಯ ಮರದ ಗಾಲಿಗೆ ಕಬ್ಬಿಣದ ಹಳಿ ತೊಡಿಸುವುದನ್ನು ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ನೀವು ನೋಡಿರಬಹುದು, ಇಲ್ಲವೇ ಹಿರಿಯರಿಂದ ಕೇಳಿರಬಹುದು. ಹಳಿಯ ಒಳ ಅಳತೆ ಗಾಲಿಗಿಂತ ತುಸು ಚಿಕ್ಕದು. ಅದನ್ನು ಬೆಂಕಿಯಲ್ಲಿ ಕಾಯಿಸಿ, ಹಿಗ್ಗಿದಾಗ ಗಾಲಿಗೆ ತೊಡಿಸಿ, ನೀರು ಸುರಿಯುತ್ತಾರೆ. ತಣಿದ ಹಳಿ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಅಪ್ಪುತ್ತದೆ. ಕೊಪ್ಪಳ ಅಥವಾ ಗಂಗಾವತಿಯ ಗ್ಯಾರೇಜಿನಲ್ಲಿ ಕಾರಿನ ಎಂಜಿನ್ನಿಗೆ ಹೊಸ ಪುಲ್ಲಿ ಕೂಡಿಸುವವರು ಎದುರಿಸುವುದೂ ಇದೇ ಭೌತಶಾಸ್ತ್ರವನ್ನು.

ಪಿಸ್ಟನ್ನುಗಳ ಮೇಲೆ-ಕೆಳಗಿನ ಚಲನೆಯನ್ನು ಆವರ್ತನೆಯಾಗಿ ಬದಲಿಸುವುದು ಕ್ರ್ಯಾಂಕ್ ದಂಡ. ಅದರ ಮುಂತುದಿಯ ಪುಲ್ಲಿ ಬೆಲ್ಟಿನ ಮೂಲಕ ಆಲ್ಟರ್ನೇಟರನ್ನು, ಹವಾನಿಯಂತ್ರಕವನ್ನು, ಹಲವು ಎಂಜಿನ್ನುಗಳಲ್ಲಿ ನೀರಿನ ಪಂಪನ್ನೂ ತಿರುಗಿಸುತ್ತದೆ. ಮೂಲ ತಯಾರಕರದಲ್ಲದ ಪುಲ್ಲಿಯನ್ನು ಹಾಕುವಾಗ ತೊಡಕುಗಳು ಆರಂಭವಾಗುತ್ತವೆ.

ಕೂದಲೆಳೆಗಿಂತ ಕಡಿಮೆ ಅಂತರ

ಕೆಲವು ಎಂಜಿನ್ನುಗಳಲ್ಲಿ ಪುಲ್ಲಿಯ ರಂಧ್ರವು ದಂಡಕ್ಕಿಂತ ಸ್ವಲ್ಪವೇ ಚಿಕ್ಕದಾಗಿರುತ್ತದೆ. ದಂಡದ ವ್ಯಾಸ 30 ಮಿ.ಮೀ. ಎಂದುಕೊಳ್ಳಿ. ಉಕ್ಕಿನ ರೇಖೀಯ ವ್ಯಾಕೋಚನ ಗುಣಾಂಕ ಪ್ರತಿ ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.000012. ಉಕ್ಕಿನ ಪುಲ್ಲಿಯ ಉಷ್ಣತೆಯನ್ನು 100 ಡಿಗ್ರಿ ಹೆಚ್ಚಿಸಿದರೆ ರಂಧ್ರ ಹಿಗ್ಗುವುದು 0.000012 × 30 × 100 = 0.036 ಮಿ.ಮೀ. ಕಾಯಿಸಿದರೆ ರಂಧ್ರ ಕಿರಿದಾಗುತ್ತದೆಂದು ಅನೇಕ ವಿದ್ಯಾರ್ಥಿಗಳು ತಿಳಿಯುತ್ತಾರೆ. ಅದು ಸರಿಯಲ್ಲ, ಲೋಹದೊಂದಿಗೆ ರಂಧ್ರವೂ ಹಿಗ್ಗುತ್ತದೆ.

ಹಗುರವೆಂದು ಅಲ್ಯೂಮಿನಿಯಂ ಪುಲ್ಲಿ ಹಾಕಿದರೆ ಲೆಕ್ಕ ಬದಲಾಗುತ್ತದೆ. ಅದರ ಗುಣಾಂಕ ಸುಮಾರು 0.000023. ಎಂಜಿನ್ ಕಾದು ಉಷ್ಣತೆ 70 ಡಿಗ್ರಿ ಏರಿದಾಗ ರಂಧ್ರವು ಉಕ್ಕಿನ ದಂಡಕ್ಕಿಂತ 0.023 ಮಿ.ಮೀ. ಹೆಚ್ಚು ಹಿಗ್ಗುತ್ತದೆ. ತಣ್ಣಗಿದ್ದಾಗ ಬಿಗಿಯಾಗಿದ್ದದ್ದು ಓಡುವಾಗ ಸಡಿಲವಾಗಬಹುದು.

ಹಿಡಿದಿಡುವುದು ಯಾವುದು?

ದಂಡದಲ್ಲಿರುವ ಚಿಕ್ಕ ಬೆಣೆ, ಅಂದರೆ ಕೀ, ಪುಲ್ಲಿಯನ್ನು ತಿರುಗಿಸುತ್ತದೆ ಎಂಬುದು ಸಾಮಾನ್ಯ ಭಾವನೆ. ಬೆಣೆಯ ಮುಖ್ಯ ಕೆಲಸ ಸ್ಥಾನ ನಿರ್ದೇಶನ. ತಿರುಚುಬಲವನ್ನು ಸಾಗಿಸುವುದು ಮುಖ್ಯವಾಗಿ ಘರ್ಷಣೆ. 14 ಮಿ.ಮೀ. ಬೋಲ್ಟನ್ನು 140 ನ್ಯೂಟನ್-ಮೀಟರ್ ಟಾರ್ಕಿನಿಂದ ಬಿಗಿದರೆ, ಎಳೆಗಳ ಘರ್ಷಣೆಯನ್ನು ಗಣಿಸಿದ ಗುಣಕ 0.2 ಎಂದಿಟ್ಟುಕೊಂಡಾಗ, ಅದುಮುವ ಬಲ 140 ÷ (0.2 × 0.014) = 50,000 ನ್ಯೂಟನ್. ಇದು ಸುಮಾರು 5 ಟನ್ ಭಾರಕ್ಕೆ ಸಮ!

ಆದರೆ ಬಿಗಿಯಾದ ಪುಲ್ಲಿಯನ್ನು ಅದೇ ಬೋಲ್ಟಿನಿಂದ ಒಳಗೆ ಎಳೆಯಲು ಹೋದರೆ ಟಾರ್ಕಿನ ಬಹುಪಾಲು ಎಳೆಯುವುದಕ್ಕೇ ವ್ಯಯವಾಗುತ್ತದೆ. ಪುಲ್ಲಿ ತನ್ನ ನೆಲೆ ಮುಟ್ಟುವ ಮೊದಲೇ ಟಾರ್ಕ್ ಪಾನಾ 'ಸಾಕು' ಎನ್ನುತ್ತದೆ. ಕೆಲವು ದಿನಗಳಲ್ಲಿ ಪುಲ್ಲಿ ಅಲುಗಾಡಿ ಬೆಣೆ ಕತ್ತರಿಸುತ್ತದೆ. ಹಲವು ಎಂಜಿನ್ನುಗಳಲ್ಲಿ ಕವಾಟಗಳ ಕಾಲವನ್ನು ನಿರ್ಧರಿಸುವ ಹಲ್ಲುಗಾಲಿಯೂ ಇದೇ ಬೋಲ್ಟಿನ ಅದುಮುವಿಕೆಯಲ್ಲಿರುತ್ತದೆ. ಅದು ಜಾರಿದರೆ ಪಿಸ್ಟನ್ ಕವಾಟಕ್ಕೆ ಬಡಿದು ಎಂಜಿನ್ನೇ ಹಾಳಾಗಬಹುದು. ಆದ್ದರಿಂದ ಮೊದಲು ಸಾಧನದಿಂದ ಪುಲ್ಲಿಯನ್ನು ಪೂರ್ತಿ ಕೂಡಿಸಿ, ನಂತರವೇ ಬೋಲ್ಟನ್ನು ಕೈಪಿಡಿಯಲ್ಲಿರುವ ಟಾರ್ಕಿಗೆ ಬಿಗಿಯಬೇಕು. ಸುತ್ತಿಗೆ ಸಲ್ಲದು, ಅದರ ಪೆಟ್ಟು ದಂಡದ ಬೇರಿಂಗಿಗೆ ತಲುಪುತ್ತದೆ.

ರಬ್ಬರಿನ ಉಂಗುರ ಏತಕ್ಕೆ?

ಅನೇಕ ಮೂಲ ಪುಲ್ಲಿಗಳಲ್ಲಿ ಒಳಗುಂಬಕ್ಕೂ ಹೊರ ಉಂಗುರಕ್ಕೂ ನಡುವೆ ರಬ್ಬರಿನ ಪದರವಿರುತ್ತದೆ. ನಾಲ್ಕು ಸಿಲಿಂಡರುಗಳ ನಾಲ್ಕು ಹೊಡೆತದ ಎಂಜಿನ್ನಿನಲ್ಲಿ ಪ್ರತಿ ಸುತ್ತಿಗೆ ಎರಡು ದಹನಗಳು. ನಿಮಿಷಕ್ಕೆ 3,000 ಸುತ್ತುಗಳಾದರೆ ಸೆಕೆಂಡಿಗೆ 100 ಹೊಡೆತಗಳು. ಜೊತೆಗೆ 200, 300 ಆವೃತ್ತಿಯ ಗುಣಜಗಳು. ಉಕ್ಕಿನ ದಂಡವೂ ಸ್ಪ್ರಿಂಗಿನಂತೆ ತಿರುಚಿಕೊಳ್ಳುತ್ತದೆ. ಅದರ ಸಹಜ ಆವೃತ್ತಿಗೆ ಯಾವುದಾದರೊಂದು ಹೊಂದಿದರೆ ಅನುರಣನೆಯಾಗಿ ತಿರುಚು ಕಂಪನ ಬೆಳೆಯುತ್ತದೆ. ರಬ್ಬರು ಆ ಶಕ್ತಿಯನ್ನು ಶಾಖವಾಗಿ ಕಳೆಯುತ್ತದೆ. 20ನೆಯ ಶತಮಾನದ ಆರಂಭದಲ್ಲಿಯೇ ಬ್ರಿಟನ್ನಿನ ಫ್ರೆಡರಿಕ್ ಲಾಂಚೆಸ್ಟರ್ ಇಂಥ ಅವಮಂದಕವನ್ನು ರೂಪಿಸಿದ್ದ. ಇಡಿಯ ಲೋಹದ ಪುಲ್ಲಿ ಹಾಕಿದರೆ ಈ ರಕ್ಷಣೆ ಇಲ್ಲವಾಗುತ್ತದೆ. ಕಾಲಕ್ರಮದಲ್ಲಿ ದಂಡ ಬಳಲಿ ಮುರಿಯುವ ಅಪಾಯವಿದೆ. ರಬ್ಬರಿರುವ ಪುಲ್ಲಿಯನ್ನು ಜ್ವಾಲೆಯಿಂದ ಕಾಯಿಸಲೂಬಾರದು.

ವ್ಯಾಸ ಬದಲಾದರೆ

ಕ್ರ್ಯಾಂಕ್ ಪುಲ್ಲಿ 150 ಮಿ.ಮೀ., ಆಲ್ಟರ್ನೇಟರಿನದು 60 ಮಿ.ಮೀ. ಆಗಿದ್ದರೆ ವೇಗದ ಅನುಪಾತ 2.5. ನಿಮಿಷಕ್ಕೆ 800 ಸುತ್ತುಗಳಲ್ಲಿ ಆಲ್ಟರ್ನೇಟರ್ 2,000 ಸುತ್ತುತ್ತದೆ. 120 ಮಿ.ಮೀ. ಪುಲ್ಲಿ ಹಾಕಿದರೆ 1,600 ಮಾತ್ರ. ಇದೇ ಬೆಲ್ಟು ನೀರಿನ ಪಂಪನ್ನೂ ತಿರುಗಿಸುತ್ತಿದ್ದರೆ ಅದೂ ನಿಧಾನವಾಗುತ್ತದೆ. ಕೊಪ್ಪಳದ ಬೇಸಿಗೆಯಲ್ಲಿ ನಿಂತ ಕಾರಿನ ಎಂಜಿನ್ ಅತಿಯಾಗಿ ಕಾಯಲು ಇಷ್ಟು ಸಾಕು.

ಕೊಳ್ಳುವ ಮುನ್ನ ಹಳೆಯ ಹಾಗೂ ಹೊಸ ಪುಲ್ಲಿಗಳ ರಂಧ್ರ, ಹೊರವ್ಯಾಸ, ಬೆಲ್ಟಿನ ಗಾಡಿಗಳ ಸಂಖ್ಯೆ ಮತ್ತು ಸ್ಥಾನ, ಬೆಣೆಯ ಸೀಳನ್ನು ವರ್ನಿಯರ್ ಕ್ಯಾಲಿಪರ್ಸಿನಿಂದ ಅಳೆದು ಹೋಲಿಸಬೇಕು.

ಶಿಕ್ಷಕರೇ, ಶಾಲೆಯ ಗೋಲ ಮತ್ತು ಉಂಗುರದ ಪ್ರಯೋಗದಲ್ಲಿ ಸಾಮಾನ್ಯವಾಗಿ ಗೋಲವನ್ನು ಕಾಯಿಸುತ್ತೇವೆ. ಈ ಬಾರಿ ಉಂಗುರವನ್ನೂ ಕಾಯಿಸಿ ತೋರಿಸಿ. ರಂಧ್ರ ಹಿಗ್ಗುವುದೋ ಕುಗ್ಗುವುದೋ ಎಂಬುದನ್ನು ವಿದ್ಯಾರ್ಥಿಗಳೇ ಮೊದಲು ಊಹಿಸಲಿ, ಆಮೇಲೆ ನೋಡಲಿ.