ತೇಲುವ ಆಸ್ಪತ್ರೆ

ಹಡಗೆಂದೊಡನೆ ನಮ್ಮ ಮಕ್ಕಳ ಕಣ್ಣಿಗೆ ಕಟ್ಟುವುದು ಸರಕು ತುಂಬಿದ ನೌಕೆ, ಇಲ್ಲವೆ ಫಿರಂಗಿ ಹೊತ್ತ ಯುದ್ಧನೌಕೆ. ರೋಗಿಗಳಿದ್ದೆಡೆಗೆ ತಾನೇ ತೇಲಿಹೋಗುವ ಆಸ್ಪತ್ರೆಯೂ ಉಂಟೆಂದು ಭೂಗೋಳದ ಪಾಠದ ನಡುವೆ ನಾವೊಮ್ಮೆ ಹೇಳಿದಾಗ, "ಹಡಗು ಹೊರಟುಹೋದ ಮೇಲೆ ರೋಗಿಗಳ ಗತಿಯೇನು, ಸಾರ್?" ಎಂದು ಹಿಂದಿನ ಬೆಂಚಿನ ಹುಡುಗನೊಬ್ಬನು ಕೇಳಿದನು. ಪ್ರಶ್ನೆ ಚಿಕ್ಕದು. ಆದರೆ ಈ ಸೇವೆಗಿಳಿದ ದೊಡ್ಡವರೆಲ್ಲರೂ ಎದುರಿಸಬೇಕಾಗಿ ಬಂದ ಪ್ರಶ್ನೆಯೂ ಅದೇ. ಅಂದು ಗಂಟೆ ಬಾರಿಸಿದುದರಿಂದ ಹೇಳಲಾಗದೆ ಉಳಿದ ಉತ್ತರವನ್ನು ಇಲ್ಲಿ ಬರೆಯುತ್ತೇವೆ.

ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ನೌಕಾದಳದ ವೈದ್ಯರಾಗಿದ್ದ ವಿಲಿಯಂ ವಾಲ್ಶ್ ಎಂಬವರು, ಪೆಸಿಫಿಕ್ ಸಾಗರದ ದ್ವೀಪಗಳಲ್ಲಿ ಸುಲಭವಾಗಿ ಗುಣಪಡಿಸಬಹುದಾದ ರೋಗಗಳಿಂದ ಎಳೆಯ ಮಕ್ಕಳು ಸಾಯುವುದನ್ನು ಕಂಡರು. ಆ ನೋಟ ಅವರನ್ನು ಬಿಡಲಿಲ್ಲ. 1958ರಲ್ಲಿ ಅವರು ಅಧ್ಯಕ್ಷ ಐಸೆನ್‌ಹೋವರ್ ಅವರ ಬೆಂಬಲದಿಂದ ನೌಕಾದಳದ ಒಂದು ಹಳೆಯ ಆಸ್ಪತ್ರೆ ಹಡಗನ್ನು ಪಡೆದರು. ಮಹಾಯುದ್ಧದಲ್ಲಿಯೂ ಕೊರಿಯಾ ಯುದ್ಧದಲ್ಲಿಯೂ ಗಾಯಾಳುಗಳನ್ನು ಹೊತ್ತ 'ಕನ್ಸೊಲೇಷನ್' ಎಂಬ ಹಡಗು ಅದು. ಬಾಡಿಗೆ ವರ್ಷಕ್ಕೆ ಒಂದು ಡಾಲರು! 'ಹೋಪ್', ಅಂದರೆ ಭರವಸೆ, ಎಂಬ ಹೊಸ ಹೆಸರಿನಿಂದ ಅದು 1960ರ ಸೆಪ್ಟೆಂಬರ್ 22ರಂದು ಸಾನ್ ಫ್ರಾನ್ಸಿಸ್ಕೋ ಬಂದರಿನಿಂದ ಇಂಡೊನೇಷ್ಯದ ಕಡೆಗೆ ಹೊರಟಿತು.

ಮಕ್ಕಳಿಗೆ ಇಷ್ಟವಾಗುವ ಸಂಗತಿಯೊಂದನ್ನು ಇಲ್ಲಿ ಹೇಳಿಬಿಡುತ್ತೇವೆ. ಆ ಹಡಗಿನಲ್ಲಿ 'ಕಬ್ಬಿಣದ ಹಸು' ಎಂದು ಎಲ್ಲರೂ ಕರೆಯುತ್ತಿದ್ದ ಯಂತ್ರವೊಂದಿತ್ತು. ಸಮುದ್ರದ ನೀರಿನ ಉಪ್ಪನ್ನು ಕಳೆದು, ಆ ಸಿಹಿನೀರಿಗೆ ಹಾಲಿನ ಪುಡಿಯನ್ನೂ ಕೊಬ್ಬನ್ನೂ ಬೆರೆಸಿ ಅದು ಹಾಲು ಕರೆಯುತ್ತಿತ್ತು. ಹುಲ್ಲಿಲ್ಲ, ಹಿಂಡಿಯಿಲ್ಲ!

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಕೆಲವು ತಿಂಗಳು ನಿಂತು ಹೋಗುವ ಹಡಗು ಒಂದು ದೇಶದ ರೋಗಿಗಳನ್ನೆಲ್ಲ ವಾಸಿಮಾಡಲಾರದೆಂಬುದನ್ನು ವಾಲ್ಶ್ ಮೊದಲೇ ಬಲ್ಲವರಾಗಿದ್ದರು. ಆದುದರಿಂದ ಅವರ ಹಡಗು ಆಸ್ಪತ್ರೆಯಾಗಿದ್ದಷ್ಟೇ ಪಾಠಶಾಲೆಯೂ ಆಗಿತ್ತು. ಹಡಗಿನ ವೈದ್ಯರ ಪಕ್ಕದಲ್ಲಿ ಆ ನಾಡಿನ ವೈದ್ಯರು ನಿಂತು ಶಸ್ತ್ರಚಿಕಿತ್ಸೆ ಮಾಡಿದರು. ದಾದಿಯರ ಜೊತೆಯಲ್ಲಿ ಆ ನಾಡಿನ ದಾದಿಯರು ಕಲಿತರು. 1974ರಲ್ಲಿ ನಿವೃತ್ತವಾಗುವ ಮುನ್ನ ಅದು ಪೆರು, ಈಕ್ವಡಾರ್, ಗಿನಿ, ಟುನೀಸಿಯ ಮೊದಲಾದ ನಾಡುಗಳಿಗೆ ಒಟ್ಟು 11 ಯಾತ್ರೆಗಳನ್ನು ಮಾಡಿತು. 1968ರಲ್ಲಿ ನಮ್ಮ ನೆರೆಯ ಕೊಲಂಬೋ ಬಂದರಿಗೂ ಬಂದಿತ್ತು. ಹಡಗು ಹಳತಾಯಿತು, ಆದರೆ ಸಂಸ್ಥೆ ನೆಲದ ಮೇಲಿನ ಕೆಲಸದಲ್ಲಿ ಮುಂದುವರಿದು ಇಂದಿಗೂ ಇದೆ.

ವೈದ್ಯರನ್ನು ವಿಮಾನದಲ್ಲಿ ಕಳುಹಿಸಿದರೆ ಸಾಲದೇ, ಹಡಗೇಕೆ ಎಂದು ಪೋಷಕರು ಕೇಳಬಹುದು. ಶಸ್ತ್ರವೈದ್ಯನೊಬ್ಬನು ಹೋಗಿ ನಿಂತ ಮಾತ್ರಕ್ಕೆ ಶಸ್ತ್ರಚಿಕಿತ್ಸೆ ನಡೆಯದು. ಎಡೆಬಿಡದ ವಿದ್ಯುತ್ತು, ಶುದ್ಧವಾದ ನೀರು, ಅರಿವಳಿಕೆ, ಕ್ರಿಮಿರಹಿತವಾದ ಉಪಕರಣಗಳು, ರಕ್ತಪರೀಕ್ಷೆ, ಹಗಲಿರುಳು ಎಚ್ಚರವಿರುವ ದಾದಿಯರು ಇಷ್ಟೂ ಒಂದೆಡೆ ಕೂಡಬೇಕು. ಹಡಗು ಇವನ್ನೆಲ್ಲ ಹೊತ್ತು ತಂದು ಬಂದರಿನಲ್ಲಿ ನಿಲ್ಲುತ್ತದೆ. ಚಿಕಿತ್ಸೆ ಇದ್ದೂ ಅದು ಕೈಗೆ ಎಟುಕದ ಸಂಕಟವನ್ನು ನಮ್ಮ ಕಾಸರಗೋಡಿನ ತಂದೆತಾಯಂದಿರಿಗೆ ನಾವು ವಿವರಿಸಬೇಕಾಗಿಲ್ಲ. 2020ರ ಮಾರ್ಚ್ ತಿಂಗಳಲ್ಲಿ ತಲಪಾಡಿಯ ಗಡಿ ಮುಚ್ಚಿ, ಮಂಗಳೂರಿನ ಆಸ್ಪತ್ರೆಗಳ ದಾರಿ ಕಟ್ಟಿಹೋದ ದಿನಗಳನ್ನು ಯಾರೂ ಮರೆತಿಲ್ಲ.

ಇಂದು ಈ ಬಗೆಯ ಸೇವೆಯಲ್ಲಿ ಹೆಸರಾಗಿರುವುದು 1978ರಲ್ಲಿ ಸ್ಥಾಪಿತವಾದ 'ಮರ್ಸಿ ಷಿಪ್ಸ್' ಎಂಬ ಕ್ರೈಸ್ತ ಧರ್ಮಾರ್ಥ ಸಂಸ್ಥೆ. ಇದರ ಮೊದಲ ಹಡಗು 'ಅನಾಸ್ಟಾಸಿಸ್'. ಇದೇ ಹಡಗು ಹಿಂದೆ 'ವಿಕ್ಟೋರಿಯಾ' ಎಂಬ ಹೆಸರಿನಿಂದ ಇಟಲಿಗೂ ಮುಂಬಯಿಗೂ ನಡುವೆ ಪ್ರಯಾಣಿಕರನ್ನು ಸಾಗಿಸುತ್ತಿದ್ದಿತು! ಈಗಿರುವ 'ಆಫ್ರಿಕಾ ಮರ್ಸಿ' ಎಂಬುದು ಮೊದಲು ಡೆನ್ಮಾರ್ಕಿನಲ್ಲಿ ರೈಲುಗಾಡಿಗಳನ್ನು ನೀರು ದಾಟಿಸುತ್ತಿದ್ದ ಹಡಗು. 'ಗ್ಲೋಬಲ್ ಮರ್ಸಿ' ಮಾತ್ರ ಆಸ್ಪತ್ರೆಯಾಗಿಯೇ ಚೀನಾದಲ್ಲಿ ಕಟ್ಟಲ್ಪಟ್ಟು 2021ರಲ್ಲಿ ಸಿದ್ಧವಾಯಿತು. ಅದರ ಉದ್ದ 174 ಮೀಟರು. ಶಸ್ತ್ರಚಿಕಿತ್ಸೆಯ ಕೋಣೆಗಳು ಆರು.

ಅಲ್ಲಿ ನಡೆಯುವ ಚಿಕಿತ್ಸೆಗಳಲ್ಲಿ ಹಲವು ನಮಗೆ ಸಾಮಾನ್ಯವೆನಿಸುವಂಥವು: ಕಣ್ಣಿನ ಪೊರೆ, ಸೀಳುತುಟಿ, ಸುಟ್ಟಗಾಯದಿಂದ ಮುದುಡಿದ ಕೈಗಳು, ಮಕ್ಕಳ ಸೊಟ್ಟಗಾಲು. ಪೊರೆಯ ಚಿಕಿತ್ಸೆ ಬೇಗ ಮುಗಿಯುತ್ತದೆ. ಸೊಟ್ಟಗಾಲು ಹಾಗಲ್ಲ, ಶಸ್ತ್ರಚಿಕಿತ್ಸೆಯಾದ ಮೇಲೆ ವಾರಗಟ್ಟಲೆ ಪಟ್ಟಿ, ಬಳಿಕ ನಡೆಯುವ ಅಭ್ಯಾಸ. ಆದುದರಿಂದಲೇ ಹಡಗು ಒಂದೊಂದು ಬಂದರಿನಲ್ಲಿ ಸಾಮಾನ್ಯವಾಗಿ ಹತ್ತು ತಿಂಗಳಷ್ಟು ಕಾಲ ನಿಲ್ಲುತ್ತದೆ.

ರೋಗಿಗಳಿಂದ ಕಾಸೂ ಪಡೆಯುವುದಿಲ್ಲ. ಸೇವೆಗೆ ಬಂದವರಾದರೋ ಸಂಬಳವಿಲ್ಲದೆ ದುಡಿಯುತ್ತಾರೆ. ವೈದ್ಯರಲ್ಲದವನಿಗೆ ಅಲ್ಲಿ ಕೆಲಸವಿಲ್ಲವೆಂದು ಯಾರೂ ಭಾವಿಸಬಾರದು. ಅಡಿಗೆಯವರು, ವಿದ್ಯುತ್ ಕೆಲಸದವರು, ನಾವಿಕರು, ಬಟ್ಟೆ ಒಗೆಯುವವರು, ಲೆಕ್ಕ ಬರೆಯುವವರು ಇಲ್ಲದಿದ್ದರೆ ಶಸ್ತ್ರವೈದ್ಯನು ಕೈಕಟ್ಟಿ ಕೂರಬೇಕಾದೀತು. ರೋಗಿಗೆ ರಕ್ತ ಬೇಕಾದಾಗ ಹಡಗಿನವರೇ ದಾನಮಾಡುತ್ತಾರೆ. ಬೆಳಿಗ್ಗೆ ರೊಟ್ಟಿ ಸುಟ್ಟವನ ರಕ್ತ ಮಧ್ಯಾಹ್ನ ರೋಗಿಯ ಮೈಯಲ್ಲಿ ಹರಿಯಬಹುದು. ಸಂಸಾರ ಸಮೇತರಾಗಿ ಬಂದವರ ಮಕ್ಕಳಿಗಾಗಿ ಹಡಗಿನಲ್ಲಿಯೇ ಒಂದು ಶಾಲೆಯೂ ಇದೆ. ಅದರ ಉಪಾಧ್ಯಾಯರೂ ಸಂಬಳವಿಲ್ಲದವರೇ ಎಂಬುದನ್ನು ನಾವು ವೃತ್ತಿಬಾಂಧವರ ಹೆಮ್ಮೆಯಿಂದ ಹೇಳುತ್ತೇವೆ.

ಕಠಿಣವಾದ ಕೆಲಸವೊಂದಿದೆ. ಚಿಕಿತ್ಸೆಗೆ ಮೊದಲು ರೋಗಿಗಳನ್ನು ಪರೀಕ್ಷಿಸಿ ಆಯಬೇಕು. ಹಡಗಿನ ಮಂಚಗಳಿಗೆ ಮಿತಿಯುಂಟು; ಶಸ್ತ್ರಚಿಕಿತ್ಸೆಯಿಂದ ಗುಣವಾಗದ ರೋಗಗಳೂ ಉಂಟು. ದೂರದ ಹಳ್ಳಿಯಿಂದ ಮಗುವನ್ನು ಎತ್ತಿಕೊಂಡು ಬಂದ ತಾಯಿಗೆ 'ಆಗದು' ಎಂಬ ಮಾತನ್ನು ಹೇಳುವವರೂ ಈ ಸೇವಕರಲ್ಲೇ ಒಬ್ಬರು. ಎಲ್ಲರನ್ನೂ ಗುಣಪಡಿಸಿದೆವೆಂದು ಹಡಗು ಹೇಳಿಕೊಳ್ಳುವಂತಿಲ್ಲ.

ಹಡಗು ಹೋದ ಬಳಿಕ ಉಳಿಯಬೇಕಾದ ಕೆಲಸಕ್ಕಾಗಿ 'ಗ್ಲೋಬಲ್ ಮರ್ಸಿ'ಯಲ್ಲಿ ಕಲಿಕೆಯ ಕೋಣೆಗಳನ್ನು ಕಟ್ಟುವಾಗಲೇ ಸೇರಿಸಿದ್ದಾರೆ. ಆಫ್ರಿಕದ ವೈದ್ಯರೂ ದಾದಿಯರೂ ಅಲ್ಲಿ ಮೊದಲು ಮನುಷ್ಯಾಕಾರದ ಬೊಂಬೆಗಳ ಮೇಲೆ ಕೈ ಪಳಗಿಸುತ್ತಾರೆ. ಹಡಗಿನ ಸೌಕರ್ಯಗಳಿಗೆ ಒಗ್ಗಿದವರು ಊರಿಗೆ ಮರಳಿ ಕಂಗೆಡಬಾರದಲ್ಲವೇ? ಆದುದರಿಂದ ಸಲಕರಣೆಗಳ ಕೊರತೆಯಿರುವ ತಮ್ಮೂರಿನ ಆಸ್ಪತ್ರೆಯಲ್ಲಿ ಹೇಗೆ ಕೆಲಸ ಮಾಡಬೇಕೋ ಹಾಗೆಯೇ ಅವರಿಗೆ ಅಲ್ಲಿ ಅಭ್ಯಾಸ ಮಾಡಿಸುತ್ತಾರೆ.